ಮಾವನ ಶಟ್‌ಡೌನ್

ಒಂದು ಪುಟ್ಟ ಹಳೇ ಕಾರಿನ ಎಂಜಿನ್ ಬದಲಿಸಲು ಎಷ್ಟು ಸಮಯ ಬೇಕು? ಶಿವಮೊಗ್ಗದ ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಎರಡು ದಿನ ಅನ್ನುತ್ತಾನೆ; ನಡುವೆ ಯಾರದಾದರೂ ಮದುವೆ ಊಟ ಬಂದರೆ ಮೂರು. ನನ್ನ ಸೋದರಮಾವ ಏಳು ತಿಂಗಳು ತೆಗೆದುಕೊಂಡರು. ಎಂಜಿನ್ ಬದಲಿಸಲು ಅಂದುಕೊಂಡಿರೇನು? ಅಲ್ಲ, ಬದಲಿಸಲು ತಯಾರಾಗಲು!

ಮಾವ ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ವಿಭಾಗದಲ್ಲಿದ್ದು ನಿವೃತ್ತರಾದವರು. ನಾನು ಶಂಕರಘಟ್ಟದ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತ ಶಿವಮೊಗ್ಗದ ವಿದ್ಯಾನಗರದ ಅವರ ಮನೆಯಲ್ಲೇ ಇರುವವಳು. ಅತ್ತೆ ಭದ್ರಾವತಿಯ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಾರೆ. ಕಾರು ಅತ್ತೆಯದು. ನಲವತ್ತೈದು ದಾಟಿದ ಮೇಲೆ ಕಲಿತು, ಹತ್ತು ವರ್ಷ ದಿನಾ ಶಾಲೆಗೆ ಅದರಲ್ಲೇ ಹೋಗಿಬಂದವರು. ಮಾವನದು ಸ್ಕೂಟರು. ಕಾರಿನಲ್ಲಿ ಅವರು ಯಾವಾಗಲೂ ಎಡಗಡೆಯ ಸೀಟಿನವರು.

ದೀಪಾವಳಿ ರಜೆ ಮುಗಿದ ವಾರ ಆ ಕಾರು ದಾರಿಯಲ್ಲಿ ನಿಂತಿತು. ಹಗ್ಗ ಕಟ್ಟಿಸಿಕೊಂಡು ಇನ್ನೊಂದು ಗಾಡಿಯ ಹಿಂದೆ ಮನೆಗೆ ಬಂತು. ಅತ್ತೆ ಸೀರೆಯ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತ ಜಗಲಿಯ ಮೇಲೆ ಕೂತುಬಿಟ್ಟರು.

"ಬಿಸಿ ತೋರಿಸೋ ಮುಳ್ಳು ಕೆಂಪು ಗೆರೆ ದಾಟಿತ್ತು ರೀ. ನೋಡ್ದೆ. ಇನ್ನೇನು ಶಾಲೆ ಬಂತಲ್ಲ ಅಂತ ಓಡಿಸ್ದೆ. ನಾನೇ ಕೊಂದೆ ಅದನ್ನ."

ಮಾವ ಬಾನೆಟ್ ಎತ್ತಿ ಅರ್ಧ ಗಂಟೆ ತಲೆ ಒಳಗಿಟ್ಟುಕೊಂಡಿದ್ದರು. ಹೊರಗೆ ತೆಗೆದು ಹೇಳಿದರು: "ನಿಂದೇನೂ ಇಲ್ಲ. ಭಾನುವಾರ ರೇಡಿಯೇಟರ್ ನೀರು ಬದಲಿಸ್ದಾಗ ಹೋಸ್ ಪೈಪಿನ ಕ್ಲ್ಯಾಂಪ್ ಬಿಗಿ ಮಾಡೋದು ಮರ್ತಿದ್ದೆ. ನೀರೆಲ್ಲ ಸೋರಿಹೋಗಿದೆ. ಎಂಜಿನ್ ಹಿಡ್ಕೊಂಡಿದೆ, ಇನ್ನು ತಿರುಗಲ್ಲ."

ಅಂದರೆ, ಕಾರ್ಖಾನೆಯ ದೈತ್ಯ ಯಂತ್ರಗಳನ್ನೆಲ್ಲ ತಮ್ಮ ಕೈಯಲ್ಲೇ ಸಾಕಿದ್ದೆ ಎಂದು ಊಟಕ್ಕೊಮ್ಮೆ ಹೇಳುವ ಮನುಷ್ಯ, ಬೆರಳಗಲದ ಒಂದು ಕ್ಲ್ಯಾಂಪ್ ಮರೆತಿದ್ದರು! ನನ್ನ ಹಾಗೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಪಳಗಿದವರಿಗೆ ಎದುರಾಳಿ ಇಂಥದ್ದೊಂದು ಮಾತು ಬಾಯಿಬಿಟ್ಟರೆ ಆಮೇಲೆ ಬೇರೆ ಅಂಶವೇ ಬೇಕಾಗುವುದಿಲ್ಲ. ನಾನು ಏಳು ತಿಂಗಳೂ ಅದನ್ನೇ ಉಪಯೋಗಿಸಿದೆ.

ಅತ್ತೆಗೆ ಮಾತ್ರ ಅದರಿಂದ ಸಮಾಧಾನವಾದಂತೆ ಕಾಣಲಿಲ್ಲ. "ಯಾರ ತಪ್ಪಾದ್ರೂ ಆಗ್ಲಿ, ನಾನಂತೂ ಇನ್ನು ಸ್ಟೇರಿಂಗ್ ಮುಟ್ಟಲ್ಲ. ಗುಜರಿಗೆ ಹಾಕಿ" ಎಂದರು. ಮರುದಿನದಿಂದ ಉತ್ತರಪತ್ರಿಕೆಗಳ ಚೀಲ ಹೊತ್ತು ಸಿಟಿ ಬಸ್ಸು, ಅಲ್ಲಿಂದ ಭದ್ರಾವತಿ ಬಸ್ಸು. ಸಂಜೆ ಬಂದು ಕಾಲು ನೀವಿಕೊಳ್ಳುತ್ತಿದ್ದರು.

"ಹೊಸ ವರ್ಷದ ಶಾಲೆ ಶುರುವಾಗೋಷ್ಟರಲ್ಲಿ ಬೇರೆ ಎಂಜಿನ್ ಕೂರಿಸ್ತೀನಿ. ನೀನೇ ಓಡಿಸ್ಕೊಂಡು ಹೋಗ್ತೀಯ" ಎಂದರು ಮಾವ.

"ನೋಡಾಣ" ಎಂದರು ಅತ್ತೆ. ಗಣಿತದ ಟೀಚರು ನೋಡಾಣ ಅಂದರೆ ಸೊನ್ನೆ ಅಂತಲೇ ಅರ್ಥ.

ನಾನು ನನ್ನ ವಾದವನ್ನು ಮೂರೇ ಅಂಶಗಳಲ್ಲಿ ಮಂಡಿಸಿದೆ. ಒಂದು, ಈ ಕಾರಿಗೆ ವಯಸ್ಸಾಗಿದೆ. ಎರಡು, ಆಟೋ ಕಾಂಪ್ಲೆಕ್ಸಿನ ಗ್ಯಾರೇಜುಗಳಲ್ಲಿ ಈ ಕೆಲಸ ಕಣ್ಣುಮುಚ್ಚಿ ಮಾಡುವವರಿದ್ದಾರೆ. ಮೂರು, ಒಂದು ಕ್ಲ್ಯಾಂಪ್ ಮರೆಯುವವರ ಕೈಗೆ ಇಡೀ ಎಂಜಿನ್ ಕೊಡುವುದು ಯಾವ ನ್ಯಾಯ?

"ವಾದ ಮುಗೀತಾ ಮಾರಾಯ್ತಿ? ಹಂಗಾದ್ರೆ ಆ ಹನ್ನೆರಡರ ಸ್ಪ್ಯಾನರ್ ಕೊಡು."

ಕಾರ್ಖಾನೆಯಲ್ಲಿ ವರ್ಷಕ್ಕೊಮ್ಮೆ ಶಟ್‌ಡೌನ್ ಎಂದು ಮಾಡುತ್ತಿದ್ದರಂತೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಬಿಚ್ಚಿ, ರಿಪೇರಿ ಮಾಡಿ ಮತ್ತೆ ಓಡಿಸುವ ಕೆಲಸ. ಅದಕ್ಕೆ ತಿಂಗಳುಗಟ್ಟಲೆ ತಯಾರಿ. ಮಾವ ಆ ಶಟ್‌ಡೌನನ್ನು ನಮ್ಮ ಕಾಂಪೌಂಡಿಗೆ ತಂದರು. ಪರ್ಮಿಟ್ ಇಲ್ಲದೆ ಬಾನೆಟ್ ಎತ್ತುವ ಹಾಗಿಲ್ಲ. ಪರ್ಮಿಟ್ಟಿಗೆ ಅರ್ಜಿ ಬರೆಯುವವರು ಮಾವ, ಮಂಜೂರು ಮಾಡುವವರು ಮಾವ, ಸುರಕ್ಷತೆ ಪರಿಶೀಲಿಸಿ ರುಜು ಹಾಕುವವರೂ ಮಾವ. ಮೂರಕ್ಕೂ ಬೇರೆ ಬೇರೆ ಬಣ್ಣದ ಪೆನ್ನು. ಒಮ್ಮೆ ಅವರ ಅರ್ಜಿಯನ್ನು ಅವರೇ ತಿರಸ್ಕರಿಸಿದರು. ಕಾರಣ: ಅರ್ಜಿದಾರರು ಬೂಟು ಹಾಕಿಲ್ಲ, ಹವಾಯಿ ಚಪ್ಪಲಿಯಲ್ಲಿದ್ದಾರೆ. ಆ ದಿನ ಕೆಲಸ ರದ್ದು. ಅರ್ಜಿದಾರರು ಒಳಗೆ ಹೋಗಿ ಮಲಗಿದರು.

ಬದಲಿ ಎಂಜಿನ್ ಹುಡುಕಿದ್ದು ಭದ್ರಾವತಿಯ ಗುಜರಿ ಅಂಗಡಿಯಲ್ಲಿ. ಅಪಘಾತವಾದ ಅದೇ ಮಾದರಿಯ ಇನ್ನೊಂದು ಕಾರಿನ ಎಂಜಿನ್ನು. ಮಾವ ಒಂಬತ್ತು ಸಲ ಹೋಗಿ ನೋಡಿದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ತಮ್ಮ ಕಿವಿಗೂ ಒತ್ತಿಕೊಂಡು, ಕೈಯಲ್ಲೇ ತಿರುಗಿಸಿ ಆಲಿಸುತ್ತಿದ್ದರು. ಅಂಗಡಿಯವರು ಎಂಟನೇ ಸಲ ಟೀ ಕೊಟ್ಟರು, ಒಂಬತ್ತನೇ ಸಲ ಕೊಡಲಿಲ್ಲ.

"ಸಾರ್, ಈ ಎಂಜಿನ್‌ಗೆ ನಿಮ್ ಮುಖ ಗುರ್ತಾಗೋಗಿದೆ. ಇನ್ಮೇಲೆ ಬೇರೆಯವ್ರಿಗೆ ಮಾರಿದ್ರೆ ನಂಗೇ ಪಾಪ ಬರುತ್ತೆ. ದಯವಿಟ್ಟು ತಗೊಂಡೋಗಿ" ಎಂದರು.

ಎಂಜಿನ್ ಎತ್ತಲು ಮೂರು ಕಬ್ಬಿಣದ ಪೈಪುಗಳನ್ನು ಒಟ್ಟಿಗೆ ಕಟ್ಟಿ, ಸರಪಳಿ ಎಳೆದು ಭಾರ ಎತ್ತುವ ಚೈನ್ ಬ್ಲಾಕ್ ಇಳಿಬಿಟ್ಟರು. ಅದು ಭಾರ ತಡೆಯುತ್ತದೋ ಇಲ್ಲವೋ? ಅದಕ್ಕೊಂದು ಪರೀಕ್ಷೆ. ಹಿತ್ತಿಲಿನಲ್ಲಿದ್ದ ಅಜ್ಜಿಯ ಕಾಲದ ರುಬ್ಬುವ ಕಲ್ಲನ್ನು ಅದಕ್ಕೆ ನೇತುಹಾಕಿ ಮೂರು ದಿನ ಹಾಗೇ ಬಿಟ್ಟರು. ಪಕ್ಕದ ಮನೆಯಾಕೆ ಗೇಟಿನಿಂದಲೇ ಕೇಳಿದರು: "ದೃಷ್ಟಿಗೆ ಕುಂಬಳಕಾಯಿ ಕಟ್ಟೋದು ನೋಡಿದೀವಿ. ನಿಮ್ಮನೇಲೇನ್ರೀ, ಕಲ್ಲೇ ಕಟ್ಟಿಬಿಟ್ಟಿದೀರ?"

"ನಮ್ಮನೆಗೆ ಬಿದ್ದಿರೋ ದೃಷ್ಟಿ ಕುಂಬಳಕಾಯಿಗೆ ಹೋಗೋದಲ್ಲ" ಎಂದೆ ನಾನು, ಮಾವನ ಕಡೆ ನೋಡುತ್ತ.

ಇನ್ನು ಟ್ಯಾಗುಗಳು. ಬಿಚ್ಚಿದ ಪ್ರತಿ ನಟ್ಟು, ವೈರು, ಪೈಪಿಗೂ ಒಂದೊಂದು ರಟ್ಟಿನ ಚೀಟಿ ಕಟ್ಟಬೇಕು. ಅದರ ಮೇಲೆ ನಂಬರು, ಬಿಚ್ಚುವಾಗ ಅದು ಯಾವ ಸ್ಥಿತಿಯಲ್ಲಿತ್ತು ಎಂಬ ವಿವರ. ಮದುವೆಯ ಆಮಂತ್ರಣ ಪತ್ರಿಕೆಗಳನ್ನೆಲ್ಲ ಕತ್ತರಿಸಿ ಮಾಡಿದ ಚೀಟಿಗಳು. ಕಾರಿನ ವೈರುಗಳಿಂದೆಲ್ಲ ಗಣೇಶ ಪ್ರಸನ್ನರಾಗಿ ನೇತಾಡುತ್ತಿದ್ದರು. ನನಗೂ ಒಂದು ಕಟ್ಟು ಕೊಟ್ಟರು. ಒಂದು ವೈರಿನ ಚೀಟಿಯಲ್ಲಿ ನಾನು 'ಬಹುಶಃ ಹಾರ್ನಿನದು' ಎಂದು ಬರೆದಿದ್ದನ್ನು ಓದಿ ಕನ್ನಡಕ ತೆಗೆದರು.

"ಟ್ಯಾಗ್ ಮೇಲೆ ಬಹುಶಃ ಅಂತ ಬರಿಯೋ ಹಾಗಿಲ್ಲ. ಕಂಡಿದ್ದು ಬರಿ. ಟ್ಯಾಗ್ ನಂಬ್ಕೊಂಡು ಇನ್ನೊಬ್ಬ ಕೈ ಹಾಕ್ತಾನೆ. ಟ್ಯಾಗ್ ಸುಳ್ಳು ಹೇಳಿದ್ರೆ ಅವನ ಕೈ ಹೋಗುತ್ತೆ."

"ಕ್ಲ್ಯಾಂಪ್‌ಗೂ ಒಂದು ಟ್ಯಾಗ್ ಕಟ್ಟಿದ್ರೆ ಚೆನ್ನಾಗಿತ್ತು ಮಾವ, ನೆನಪಿರ್ತಿತ್ತು."

ಅವರು ಕನ್ನಡಕ ಹಾಕಿಕೊಂಡು ಮತ್ತೆ ಬಾನೆಟ್ಟಿನೊಳಗೆ ಹೋದರು. ವೇದಿಕೆಯಲ್ಲಾಗಿದ್ದರೆ ನನಗೆ ಚಪ್ಪಾಳೆ ಬೀಳುತ್ತಿತ್ತು.

ಅಂತೂ ಶಾಲೆ ತೆರೆಯಲು ನಾಲ್ಕು ದಿನ ಇರುವಾಗ ಆ ಮಹಾದಿನ ಬಂತು. ಚೈನ್ ಎಳೆಯಲು ಭದ್ರಾವತಿಯಿಂದ ಮಾವನ ಹಳೇ ಸಹೋದ್ಯೋಗಿಯೊಬ್ಬರು ಬಂದರು. ಕಾರ್ಖಾನೆಯಲ್ಲಿ ಕ್ರೇನ್ ನಡೆಸುತ್ತಿದ್ದವರು, ದೊಡ್ಡ ಗಂಟಲಿನವರು. ಹಳೇ ಎಂಜಿನ್ ಮೇಲೆದ್ದು ಗಾಳಿಯಲ್ಲಿ ತೂಗಾಡುವಾಗ ಅವರು ಹಾಡಿನಂತೆ ಶುರುಮಾಡಿದರು.

"ಏನ್ ಮಾರಾಯ, ಒಂದು ಕ್ಲ್ಯಾಂಪ್ ಮರ್ತು ಎಂಜಿನ್ ಸುಟ್ಯಲ್ಲೋ. ನಮ್ಮ ಸೆಕ್ಷನ್ ಮರ್ಯಾದೆ ತೆಗ್ದೆ. ಭದ್ರಾವತೀಲಿ ಟೀ ಅಂಗಡಿಗೆ ಹೋಗೋ ಹಂಗಿಲ್ಲ, ನಿನ್ನ ಫ್ರೆಂಡ್ ಅಲ್ವಾ ಅಂತಾರೆ."

"ಚೈನ್ ನೋಡು, ನನ್ನ ನೋಡ್ಬೇಡ" ಎಂದರು ಮಾವ.

ನಾನು ಹೊಸ ಎಂಜಿನ್ನಿಗೆ ಜೋಡಿಸಬೇಕಾದ ಭಾಗಗಳ ಚೀಟಿಗಳನ್ನು ನಂಬರಿನ ಪ್ರಕಾರ ಸಾಲಾಗಿ ಇಡುತ್ತಿದ್ದೆ. ರೇಡಿಯೇಟರಿನ ಹೋಸ್ ಪೈಪಿನ ಚೀಟಿ ಕೈಗೆ ಬಂತು. ಮಾವನ ದುಂಡನೆಯ ಅಕ್ಷರ. 'ಎರಡೂ ಕ್ಲ್ಯಾಂಪ್ ಬಿಗಿ. ಸ್ಕ್ರೂ ತಲೆಗೆ ತುಕ್ಕು, ಬಹಳ ದಿನದಿಂದ ಬಿಚ್ಚಿಲ್ಲ. ವಾಟರ್ ಪಂಪಿನ ಸೀಲು ಸವೆದು ನೀರು ಹೋಗಿದೆ.'

ಇನ್ನೊಮ್ಮೆ ಓದಿದೆ. ಹಾಗಾದರೆ ಭಾನುವಾರ ಮಾವ ರೇಡಿಯೇಟರನ್ನು ಮುಟ್ಟಿಯೇ ಇರಲಿಲ್ಲ. ಯಾವ ಕ್ಲ್ಯಾಂಪನ್ನೂ ಮರೆತಿರಲಿಲ್ಲ. ಪಂಪು ತಾನಾಗಿ ಸೋರಿತ್ತು, ಮುಳ್ಳು ಕೆಂಪು ಗೆರೆ ದಾಟಿದಾಗ ಅತ್ತೆ ಗಾಡಿ ನಿಲ್ಲಿಸಿದ್ದರೆ ಎಂಜಿನ್ ಉಳಿಯುತ್ತಿತ್ತು. ಏಳು ತಿಂಗಳು ಈ ಮನುಷ್ಯ ಹೆಂಡತಿಯ ಮುಂದೆ, ಸ್ನೇಹಿತರ ಮುಂದೆ, ನನ್ನ ಮುಂದೆ ಮರೆಗುಳಿಯಾಗಿದ್ದರು. ಊರಿಗೆಲ್ಲ ಸುಳ್ಳು ಹೇಳಿದವರಿಗೆ ಒಂದು ಚೀಟಿಗೆ ಸುಳ್ಳು ಬರೆಯಲು ಮಾತ್ರ ಕೈ ಬಂದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಕಾಫಿ ತಂದರು. ಕ್ರೇನಿನವರಿಗೆ ಇನ್ನಷ್ಟು ಹುರುಪು ಬಂತು. "ಅತ್ತಿಗೆ, ಇವನ ಘನಕಾರ್ಯ ಟ್ಯಾಗಲ್ಲೇ ಇರ್ಬೇಕಲ್ಲ" ಎಂದು ನನ್ನ ಕಡೆ ತಿರುಗಿದರು. "ಓದಮ್ಮ, ಕ್ಲ್ಯಾಂಪ್ ಬಗ್ಗೆ ಏನ್ ಬರ್ದಿದಾನೆ, ಎಲ್ರೂ ಕೇಳ್ಲಿ."

ಅತ್ತೆ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದರು. ಮಾವನ ಕೈ ಚೈನಿನ ಮೇಲೆ ನಿಂತಿತು. ಅವರು ನನ್ನ ಕಡೆ ನೋಡಲಿಲ್ಲ. ತೂಗಾಡುತ್ತಿದ್ದ ಎಂಜಿನ್ನನ್ನು ನೋಡುತ್ತಿದ್ದರು. ಇಷ್ಟು ಗಟ್ಟಿ ಸಾಕ್ಷಿ ನನ್ನ ಕೈಯಲ್ಲಿ ಯಾವತ್ತೂ ಇದ್ದಿಲ್ಲ.

"ಕ್ಲ್ಯಾಂಪ್ ಪೂರ್ತಿ ಸಡಿಲ" ಎಂದು ಗಟ್ಟಿಯಾಗಿ ಓದಿದೆ. "ಮೇಂಟೆನೆನ್ಸ್ ಮಾಡಿದವರ ನಿರ್ಲಕ್ಷ್ಯ, ಅಂತ ಬರ್ದಿದಾರೆ." ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

"ಅದನ್ನೂ ತಾವೇ ಬರ್ಕೊಂಡಿದಾರಾ?" ಎಂದು ಅತ್ತೆ ನಕ್ಕರು. ಅವರು ಆ ಕಾರಿನ ಹತ್ತಿರ ನಿಂತು ನಕ್ಕಿದ್ದನ್ನು ನಾನು ಆ ಏಳು ತಿಂಗಳಲ್ಲಿ ನೋಡಿರಲಿಲ್ಲ. ಮಾವ ಚೈನ್ ಎಳೆದರು.

ಶಾಲೆ ತೆರೆದ ದಿನ ಬೆಳಿಗ್ಗೆ ಅತ್ತೆ ಗೇಟಿನವರೆಗೂ ಬಸ್ಸಿನ ಚೀಲ ಹಿಡಿದೇ ಬಂದರು. ಸ್ವಲ್ಪ ಹೊತ್ತು ನಿಂತರು. ಆಮೇಲೆ ಚೀಲವನ್ನು ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ಮಡಿಲಿಗೆ ಹಾಕಿ ಬಲಗಡೆಯ ಬಾಗಿಲು ತೆಗೆದರು. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು. ಮಾವ ಎಂದಿನಂತೆ ಎಡಗಡೆಯ ಸೀಟಿನಲ್ಲಿದ್ದರು. ಊರಾಚೆಯ ಮಲವಗೊಪ್ಪ ದಾಟುವವರೆಗೂ ಅತ್ತೆ ಎರಡೂ ಕೈಯಲ್ಲಿ ಸ್ಟೇರಿಂಗ್ ಅಪ್ಪಿಕೊಂಡೇ ಓಡಿಸಿದರು. ಅದಾದ ಮೇಲೆ ಬಾಯಿ ಬಂತು.

"ಅಲ್ಲಾ ರೀ, ಅಷ್ಟು ವರ್ಷ ಕೆಲ್ಸ ಮಾಡಿದೋರು ನೀವು. ಒಂದು ಕ್ಲ್ಯಾಂಪ್ ನೋಡ್ಕೊಳಕ್ಕೆ ಆಗ್ಲಿಲ್ವಾ? ನಾನು ಏಳು ತಿಂಗಳು ನಿದ್ದೆ ಕೆಡಿಸ್ಕೊಂಡೆ, ನಂದೇ ತಪ್ಪು ಅಂತ. ಇನ್ಮೇಲೆ ನನ್ನ ಗಾಡಿ ಮುಟ್ಟಿದ್ರೆ ನೋಡಿ."

"ಇಲ್ಲ, ಮುಟ್ಟಲ್ಲ" ಎಂದರು ಮಾವ.

"ಮುಳ್ಳು ನಾನು ನೋಡ್ಕೊಳ್ತೀನಿ. ನೀವೇನು ಬಗ್ಗಿ ಬಗ್ಗಿ ನೋಡೋದು ಬೇಡ."

"ನಾನೆಲ್ಲಿ ನೋಡ್ದೆ."

ಮಾವ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅತ್ತೆ ಒಂದು ಕೈಯನ್ನು ಸ್ಟೇರಿಂಗಿನಿಂದ ತೆಗೆದು, ಗೇರು ಬದಲಿಸಿ, ಬೈಯುವುದನ್ನು ಮುಂದುವರಿಸಿದರು. ಮುಂದೆ ಹೋಗುತ್ತಿದ್ದ ಬಸ್ಸನ್ನು ಹಿಂದೆ ಹಾಕಿದ್ದು ಅವರಿಗೆ ಗೊತ್ತೇ ಆಗಲಿಲ್ಲ. ಎಡಗಡೆಯ ಕನ್ನಡಿಯಲ್ಲಿ ಮಾವನ ಮುಖ ನನಗೆ ಕಾಣುತ್ತಿತ್ತು. ಬೈಸಿಕೊಳ್ಳುತ್ತ, ಕಣ್ಣು ಒರೆಸಿಕೊಳ್ಳುತ್ತ, ನಗುತ್ತಿದ್ದರು.