ನಂಜಿ ಆಡಿದ ಆಟ

ನಮ್ಮ ಮನೆಯಲ್ಲಿ ಒಂದು ವಿಚಿತ್ರ ನಡೆದು, ಸದ್ಯ ಮುಗಿಯಿತಪ್ಪಾ ಅಂದುಕೊಳ್ಳುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ಬಂದು ನಿಂತಿರುತ್ತದೆ. ಸೇಲಂನ ನೇಕಾರರ ಬೀದಿ ನಮ್ಮದು. ಮುಂದಿನ ಕೋಣೆಯಲ್ಲಿ ನಾನು ರವಿಕೆ ಹೊಲಿಯುತ್ತೇನೆ, ಹಿಂದಿನ ಕೋಣೆಯಲ್ಲಿ ನಮ್ಮ ಮನೆಯವರ ಮಗ್ಗ. ನಡುವಿನ ಕೋಣೆಯಲ್ಲಿ ಟೀವಿ. ಅದರ ಎದುರು ಗೋಡೆಯ ಗೂಡಿನಲ್ಲಿ ದೇವರು, ದೇವರ ಪಕ್ಕ ಒಂದು ಬಿದಿರಿನ ಪೆಟ್ಟಿಗೆ. ಎರಡು ವರ್ಷದ ಕೆಳಗೆ ಕಾಲೇಜಿಗೆ ಹೋಗುವ ಮಗಳು ಸ್ನೇಹಿತೆಯ ಮನೆಯಿಂದ ಒಂದು ಹಳೆಯ ಗೇಮ್ ಡಬ್ಬಿ ತಂದು ಆ ಟೀವಿಗೆ ಸಿಕ್ಕಿಸಿದಳು. ಅಲ್ಲಿಂದ ಶುರುವಾಯಿತು.

ಅಳತೆ ಕೊಡಲು ಬಂದ ಹೆಂಗಸರೆಲ್ಲ ಟೀವಿ ಮುಂದೆ ಕೂತುಬಿಡುತ್ತಿದ್ದುದನ್ನು ನೆನೆದು ನಮ್ಮ ಮನೆಯವರು ಈಗಲೂ ಕೇಳುತ್ತಾರೆ. ಕಾರು ಓಡಿಸೋದಿಲ್ಲ, ಗುಂಡು ಹೊಡೆಯೋದಿಲ್ಲ, ಬರೀ ಊರೂರು ಅಲೆದು ಕಂಡಕಂಡವರ ಹತ್ತಿರ ಮಾತಾಡೋ ಕಥೆಯ ಆಟ, ಅದರಲ್ಲಿ ನಿಮಗೇನು ರುಚಿ ಅಂತ. ಉತ್ತರ ನನಗೆ ಗೊತ್ತು. ಹೇಳಿದರೆ ಅವರ ಮಧ್ಯಾಹ್ನದ ನಿದ್ದೆ ಹಾಳಾಗುತ್ತದೆ ಅಂತ ಸುಮ್ಮನಿದ್ದೇನೆ.

ಹೆಸರು

ಆಟ ಶುರುವಾಗುವ ಮೊದಲೇ ಅದು ಹೆಸರು ಕೇಳಿತು. ಕಥೆಯ ಹುಡುಗಿಗೆ ನಾವೇ ಹೆಸರಿಡಬೇಕಂತೆ. ಮಗಳು ತನ್ನ ಹೆಸರು ಹಾಕಲು ಹೊರಟಿದ್ದಳು. ಮೂಲೆಯಲ್ಲಿ ರಾಟೆಗೆ ನೂಲು ಸುತ್ತುತ್ತಿದ್ದ ನಮ್ಮ ಅತ್ತೆ ತಲೆ ಎತ್ತದೆ, "ನಂಜಿ ಅಂತ ಆಕು" ಅಂದರು.

ಆ ಹೆಸರು ಅವರ ಬಾಯಲ್ಲಿ ನಾನು ಕೇಳಿದ್ದು ಅವತ್ತೇ. ನಂಜಿ ಅವರ ತಂಗಿ. ಮದುವೆ ಗೊತ್ತಾಗಿ, ಮುಹೂರ್ತಕ್ಕೆ ಮುಂಚೆ ಜ್ವರ ಬಂದು ಹೋದವಳು. ಹಾಗೆ ಹೋದ ಹೆಣ್ಣನ್ನು ಮನೆದೇವರ ಪಕ್ಕ ಕೂರಿಸಿ, ವರ್ಷಕ್ಕೊಮ್ಮೆ ಹೊಸ ಸೀರೆ ಪೆಟ್ಟಿಗೆಯಲ್ಲಿಡುವುದು ನಮ್ಮಲ್ಲಿ ರೂಢಿ. ಸುತ್ತಲಿನ ತಮಿಳಿನವರು ಅವಳನ್ನು ಪೂವಾಡೈಕ್ಕಾರಿ, ಅಂದರೆ ಹೂವಿನ ಉಡುಗೆಯವಳು ಅನ್ನುತ್ತಾರೆ, ನಾವು ಬರೀ ಪೆಟ್ಟಿಗೆಯವಳು ಅನ್ನುತ್ತಿದ್ದೆವು. ಅತ್ತೆಗೆ ಬೇರೆ ಒಡಹುಟ್ಟಿದವರಿಲ್ಲ, ಹಾಗಾಗಿ ತವರಿನ ಪೆಟ್ಟಿಗೆ ಅವರ ಹಿಂದೆಯೇ ನಮ್ಮ ಮನೆಗೆ ಬಂದಿತ್ತು.

ಟೀವಿಯಲ್ಲಿ ಮಂಜು ಮುಸುಕಿದ ಹುಲ್ಲುಗಾವಲು. ನಡುವೆ ಪ್ಯಾಂಟು, ಕೋಟು, ಬೂಟು ತೊಟ್ಟ ಹುಡುಗಿಯೊಬ್ಬಳು ನಮಗೆ ಬೆನ್ನು ತೋರಿಸಿ ನಿಂತಿದ್ದಳು. ಊಟದ ಹೊತ್ತು, ಬೀದಿಯ ಮಗ್ಗಗಳೆಲ್ಲ ನಿಂತಿದ್ದವು. ಅತ್ತೆ ಕನ್ನಡಕ ಹಾಕಿಕೊಂಡು ಮೆಲ್ಲಗೆ "ನಂಜಿ" ಅಂದರು.

ಹುಡುಗಿ ತಿರುಗಿದಳು. ನೇರ ನಮ್ಮನ್ನೇ ನೋಡಿದಳು.

ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಮಗಳು ಮಾತ್ರ ನಕ್ಕಳು. ರಿಮೋಟು ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಅವಳು ತಾನೇ ಹಾಗೆ ತಿರುಗುತ್ತಾಳೆ, ಅದಕ್ಕೆ ಐಡಲ್ ಅನಿಮೇಷನ್ ಅಂತಾರೆ ಅಂತ ವಿವರಿಸಿದಳು.

ಅತ್ತೆ ಒಪ್ಪಲಿಲ್ಲ. "ಐಡಲ್ಲೋ ಗೀಡಲ್ಲೋ. ಕರೆದ್ರೆ ತಿರುಗಿದ್ಲು. ನಿಮ್ಮಪ್ಪನ್ನ ಕರೆದು ನೋಡು, ತಿರುಗ್ತಾನಾ?"

ಕಾಯುವ ಗಂಡಸು

ಮಾರನೆಯ ಮಧ್ಯಾಹ್ನ ಆಟದಲ್ಲಿ ಒಂದು ಊರ ಬಾಗಿಲು ಬಂತು. ಈಟಿ ಹಿಡಿದ ಕಾವಲುಗಾರ ಅಡ್ಡ ನಿಂತು, ಎಲ್ಲಿಗೆ ಹೋಗುತ್ತಿದ್ದೀಯ ಅಂತ ಕೇಳಿದ. ಕೆಳಗೆ ಮೂರು ಉತ್ತರ ಇಂಗ್ಲಿಷಿನಲ್ಲಿ ಮೂಡಿದವು. ಕೈಮುಗಿದು ಬೇಡುವುದು ಒಂದು, ಸುಳ್ಳು ಹೇಳುವುದು ಒಂದು, ಅದನ್ನು ಕಟ್ಟಿಕೊಂಡು ನಿನಗೇನು ಅನ್ನುವುದು ಒಂದು. ಮಗಳು ಓದಿ ಹೇಳಿ, ಯಾವುದು ಒತ್ತಲಿ ಅಂತ ಕೇಳಿದಳು.

ಅತ್ತೆಗೆ ಗಾಬರಿಯಾಯಿತು. ಅವರಿಗೂ ಸರಿ, ನಂಜಿಗೂ ಸರಿ, ಆ ಪ್ರಶ್ನೆ ಹೊಸದಲ್ಲ. ರಾಟೆಯಿಂದ ಬಾವಿ, ಬಾವಿಯಿಂದ ರಾಟೆ, ತವರಿನಲ್ಲಿ ಇಷ್ಟೇ ಅವರಿಬ್ಬರ ಓಡಾಟ. ನೀರು ತರುವುದು ಸ್ವಲ್ಪ ತಡವಾದರೆ ಬಾಗಿಲಲ್ಲೇ ತಡೆದು ಎಲ್ಲಿಗೆ ಹೋಗಿದ್ದೆ ಅಂತ ಕೇಳುತ್ತಿದ್ದರಂತೆ. ಉತ್ತರ ಕೇಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಗಂಡು ಗೊತ್ತು ಮಾಡಿದ ದಿನ ಕೂಡ ನಂಜಿಯನ್ನು ಯಾರೂ ಏನೂ ಕೇಳಲಿಲ್ಲ.

ಅತ್ತೆ ಯೋಚಿಸುತ್ತಾ ಒಳಗೆ ಹೋಗಿ ಸಾರು ಕಲಕಿ ಬಂದರು. ಕಾವಲುಗಾರ ನಿಂತೇ ಇದ್ದ. ಮಜ್ಜಿಗೆ ಕಡೆದು ಬಂದರು, ನಿಂತೇ ಇದ್ದ. ರೆಪ್ಪೆ ಬಡಿಯುತ್ತಾ ನಂಜಿಯ ಹೆಗಲ ಮೇಲಿಂದ ನಮ್ಮ ಅಡುಗೆಮನೆಯ ಕಡೆಗೇ ನೋಡುತ್ತಿದ್ದ. ಅತ್ತೆ ಕುಕ್ಕರುಗಾಲಲ್ಲಿ ಕೂತು ಅವನ ಮುಖವನ್ನು ಬಹಳ ಹೊತ್ತು ನೋಡಿದರು.

"ಮದ್ವೆಯಾಗಿ ಮೊಮ್ಮಗ್ಳು ಕಂಡೆ. ನಾನೇನ್ ಯೋಳ್ತೀನಿ ಅಂತ ಒಬ್ಬ ಗಂಡ್ಸು ಬಾಯ್ ಮುಚ್ಕೊಂಡು ಕಾಯ್ತಾ ನಿಂತಿದ್ದು ಇವತ್ತೇ ನೋಡಿದ್ದು."

ಮೂರನೆಯ ಉತ್ತರವನ್ನೇ ಒತ್ತಿಸಿದರು. ಅವನು ಪಕ್ಕಕ್ಕೆ ಸರಿದ. ಈ ಸುದ್ದಿ ಬೀದಿಯಲ್ಲಿ ಹಬ್ಬಲು ಒಂದು ಸಂಜೆ ಸಾಕಾಯಿತು. ಹೂ ಮಾರುವಾಕೆ ಬುಟ್ಟಿ ಸಮೇತ ಬಂದು ಅವನನ್ನು ನೋಡಿ, ಇವನಿಗೆ ಮದುವೆ ಆಗಿದೆಯಾ ಅಂತ ವಿಚಾರಿಸಿದಳು. ತನ್ನ ಮಗಳಿಗೆ ಕೇಳುತ್ತಿದ್ದಾಳೆ ಅಂದುಕೊಂಡೆವು. ತನಗೇ ಅಂತೆ.

ಸೂತಕ

ಇಷ್ಟೆಲ್ಲ ಆಗುವುದನ್ನು ನೋಡಿ ನಮ್ಮ ಮನೆಯವರಿಗೆ ಕೈ ಕಡಿಯತೊಡಗಿತು. ಮಗಳು ಕಾಲೇಜಿಗೆ ಹೋದ ಒಂದು ದಿನ ಮಗ್ಗದಿಂದ ಎದ್ದು ಬಂದು ರಿಮೋಟು ಕೈಗೆ ತೆಗೆದುಕೊಂಡರು. ನಂಜಿಯನ್ನು ಓಡಿಸಿದ್ದೇ ಓಡಿಸಿದ್ದು. ಬೆಟ್ಟದ ಅಂಚು ಬಂತು, ನಿಲ್ಲಿಸುವುದು ಹೇಗೆ ಗೊತ್ತಾಗಲಿಲ್ಲ. ಅವಳು ಕೆಳಗೆ ಬಿದ್ದಳು. ಟೀವಿ ಪೂರ್ತಿ ಕಪ್ಪಾಯಿತು. ಕಪ್ಪು ಪರದೆಯ ಮೇಲೆ ನಮ್ಮ ಮೂವರ ಮುಖ ಮಾತ್ರ ಕಾಣುತ್ತಿತ್ತು.

ಅತ್ತೆ ಎದ್ದು ಹಿತ್ತಲಿಗೆ ಹೋಗಿ ತಲೆಗೆ ತಣ್ಣೀರು ಸುರಿದುಕೊಂಡರು. ಮಗನಿಗೂ ಸುರಿದರು. ಒಲೆ ಹಚ್ಚಬೇಡ ಅಂತ ನನಗೆ ತಾಕೀತು ಮಾಡಿದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಒದ್ದೆ ತಲೆಯಲ್ಲಿ ಕೂತ ಅತ್ತೆಯ ಮುಖ ನೋಡಿ ನಾನೂ ಹೋಗಿ ಸ್ನಾನ ಮಾಡಿದೆ.

ಸಂಜೆ ಮಗಳು ಬಂದು ಏನೋ ಒತ್ತಿದಳು. ನಂಜಿ ಹಿಂದಿನ ಊರಿನ ಬಾವಿಕಟ್ಟೆಯ ಹತ್ತಿರ ಎದ್ದು ನಿಂತಿದ್ದಳು. ಅವಳ ತಲೆಯೂ ಒದ್ದೆಯಾಗಿತ್ತು. ಅಲ್ಲಿ ಮಳೆ ಬಂದಿರಬಹುದು ಅಂದಳು ಮಗಳು. ಅಂದಿನಿಂದ ನಮ್ಮ ಮನೆಯವರು ರಿಮೋಟು ಹಿಡಿದರೆ ನಂಜಿ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಅದೇ ರಿಮೋಟು ಅತ್ತೆಯ ಕೈಗೆ ಬಂದರೆ ನಡೆಯುತ್ತಿದ್ದಳು. ಬ್ಯಾಟರಿ ಇರಬೇಕು ಅಂದಳು ಮಗಳು, ಈ ಸಲ ಅಷ್ಟು ಜೋರಾಗಿ ಅಲ್ಲ.

ಸತ್ತವಳು ಎದ್ದು ಬಂದರೆ ಸೂತಕ ಕಳೆಯುತ್ತದೆಯೋ ಇಲ್ಲವೋ ಅನ್ನುವ ಸಮಸ್ಯೆ ಉಳಿಯಿತು. ಅತ್ತೆ ಪೂಜಾರಿಗೆ ಫೋನು ಮಾಡಿಸಿದರು. ತೀರಿಕೊಂಡದ್ದು ಯಾರು ಅಂತ ಅವರು ಕೇಳಿದರು. ನನ್ನ ತಂಗಿ ಅಂದರು ಅತ್ತೆ. ಯಾವಾಗ ಅಂತ ಕೇಳಿದರು.

"ಒಂದ್ಸಲ ನನ್ ಮದ್ವೆ ಆದ್ ವರ್ಸ. ಆಮ್ಯಾಲೆ ಇವತ್ತು ಮದ್ಯಾನ."

ಪೂಜಾರಿ ಫೋನು ಇಟ್ಟರು. ಆಮೇಲೆ ನಮ್ಮ ನಂಬರು ಎತ್ತುವುದನ್ನೇ ಬಿಟ್ಟರು.

ನೆರಳಿಲ್ಲದ ಕುರಿ

ಪೆನ್ನಾಗರಂ ಕಡೆ ಕುರಿ ಸಾಕುವ ಹೆಂಗಸೊಬ್ಬಳು ಅತ್ತೆಗೆ ಹಳೆಯ ಗೆಳತಿ. ಕಣ್ಣಿನ ಪೊರೆ ತೆಗೆಸಲು ಸೇಲಂಗೆ ಬಂದವಳು ಒಂದಷ್ಟು ದಿನ ನಮ್ಮಲ್ಲೇ ಉಳಿದಳು. ನಾವು ಅವಳನ್ನು ಕುರಿಯಕ್ಕ ಅನ್ನುತ್ತೇವೆ. ಹೊಸ ಕಣ್ಣಿಗೆ ಏನು ನೋಡಿದರೂ ಹಬ್ಬ, ಹಾಗಾಗಿ ಟೀವಿಯ ಎದುರಿನ ಜಾಗ ಅವಳಿಗೇ.

ಆಟದಲ್ಲಿ ನಂಜಿ ಯಾವುದೋ ರಾಣಿಯ ಓಲೆ ಹೊತ್ತು ಅವಸರದಲ್ಲಿ ಹೊರಟಿದ್ದಳು. ದಾರಿಬದಿಯಲ್ಲಿ ಕುರಿಗಳು ಮೇಯುತ್ತಿದ್ದವು, ಕಾಯುವವರು ಯಾರೂ ಇರಲಿಲ್ಲ. ಕುರಿಯಕ್ಕ ನಿಲ್ಲು ಅಂದಳು. ಹೊತ್ತು ಮುಳುಗುತ್ತಿದೆ, ಕಾಡಿನ ಅಂಚು, ಇವುಗಳನ್ನು ದೊಡ್ಡಿಗೆ ಹೊಡೆಯದೆ ಹೋಗುವವಳು ಎಂಥ ಹೆಂಗಸು ಅಂತ ಜಗಳಕ್ಕೇ ನಿಂತಳು. ರಾಣಿ ಕಾಯಲಿ ಅಂತ ನಂಜಿ ಆ ಮಧ್ಯಾಹ್ನವೆಲ್ಲ ಕುರಿ ಹೊಡೆದಳು. ಕುರಿಯಕ್ಕ ನಾಲಿಗೆಯಲ್ಲಿ ಟ್ರ್ರ್ ಟ್ರ್ರ್ ಅಂದಾಗಲೆಲ್ಲ ಅವು ಸಾಲು ಹಿಡಿಯುತ್ತಿದ್ದವು. ಅದನ್ನು ನಾನು ಕಣ್ಣಾರೆ ಕಂಡೆ.

ಕೊನೆಯ ಕುರಿ ದೊಡ್ಡಿಗೆ ನುಗ್ಗುವಾಗ ಕುರಿಯಕ್ಕ ಮುಂದೆ ಬಾಗಿದಳು. ಉಳಿದ ಕುರಿಗಳ ನೆರಳು ಹುಲ್ಲಿನ ಮೇಲೆ ಉದ್ದಕ್ಕೆ ಚಾಚಿತ್ತು. ಅದಕ್ಕೆ ನೆರಳೇ ಇರಲಿಲ್ಲ. ಅದು ಬಗ್, ಆಟ ಮಾಡಿದವರ ತಪ್ಪು, ನೆರಳು ಹಾಕೋದು ಮರೆತಿದ್ದಾರೆ ಅಂದಳು ಮಗಳು.

ಕುರಿಯಕ್ಕ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡಳು. "ನಮ್ಮ ಮಂದೇಲೂ ಅಂಥದ್ದೊಂದೈತೆ. ನಾವು ಬಗ್ಗು ಗಿಗ್ಗು ಅನ್ನಾಕಿಲ್ಲ. ಅದರ ಪಾಡಿಗೆ ಮೇಯಾಕೆ ಬುಟ್ಟಿದೀವಿ."

ದೋಣಿ

ಕಥೆ ಕೊನೆಗೆ ಬಂತು. ಊರಿನ ಹಿರಿಯರು ಸೇರಿ ನಂಜಿಯನ್ನು ಗೌಡನ ಮಗನಿಗೆ ಕೊಡುವುದು ಅಂತ ತೀರ್ಮಾನಿಸಿದ್ದರು. ಅವಳು ಹೊಳೆದಂಡೆಗೆ ಬಂದು ನಿಂತಿದ್ದಳು. ಅಂಬಿಗ, ದೋಣಿ ಹತ್ತುತ್ತೀಯೋ ಊರಿಗೆ ವಾಪಸು ಹೋಗುತ್ತೀಯೋ ಅಂತ ಕೇಳಿದ. ಹತ್ತಿದರೆ ಆಟ ಅಲ್ಲಿಗೆ ಮುಗಿಯುತ್ತದೆ, ಮದುವೆಗೆ ಒಪ್ಪಿ ಹೋದರೆ ಊರಲ್ಲೇ ಇರುತ್ತಾಳೆ, ಎಷ್ಟು ದಿನ ಬೇಕಾದರೂ ಆಡುತ್ತಲೇ ಇರಬಹುದು ಅಂತ ಮಗಳು ಮೊದಲೇ ವಿಚಾರಿಸಿಕೊಂಡು ಬಂದಿದ್ದಳು.

ಹೆಂಗಸರೆಲ್ಲ ವಾಪಸು ಕರೆದುಬಿಡಿ ಅಂದರು. ಅತ್ತೆ ಅಂಬಿಗನನ್ನು ದಿನಗಟ್ಟಲೆ ಕಾಯಿಸಿದರು. ಅವನು ಕಾದ. ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. ಒಂದು ದಿನ ನನ್ನ ಹತ್ತಿರ ಬಂದು ಕೂತು ಹೇಳಿದರು. "ಒಂದ್ಸಲ ಕಳ್ಕೊಂಡಿವ್ನಿ ಕಣಮ್ಮಿ. ಇನ್ನೊಂದ್ಸಲ ನನ್ ಕೈಯಾರೆ ಕಳಿಸ್ಲಾ?" ವಾಪಸು ಕರೆದರೆ ಆ ಮದುವೆ, ಕಳಿಸಿದರೆ ಖಾಲಿ ಟೀವಿ.

ಕೊನೆಗೆ ಕುರಿಯಕ್ಕ ದಾರಿ ತೋರಿಸಿದಳು. ಅವಳನ್ನೇ ಕೇಳಿ ಅಂದಳು. ಹೆಣ್ಣು ಗಂಡು ನೋಡುವಾಗ, ಬಾವಿ ತೋಡುವಾಗ ನಾವು ದೇವರ ಮುಂದೆ ಹೂ ಕೇಳುತ್ತೇವಲ್ಲ, ಹಾಗೆ. ಎರಡು ಎಲೆಯಲ್ಲಿ ಒಂದು ಕೆಂಪು ಹೂ, ಒಂದು ಬಿಳಿ ಹೂ ಮಡಿಸಿ ಪೆಟ್ಟಿಗೆಯ ಮುಂದಿಟ್ಟೆವು. ಕೆಂಪು ಬಂದರೆ ದೋಣಿ, ಬಿಳಿ ಬಂದರೆ ಊರು. ರಿಮೋಟನ್ನು ಸ್ಟೂಲಿನ ಮೇಲಿಟ್ಟು ಎಲ್ಲರೂ ಟೀವಿಗೆ ಬೆನ್ನು ಮಾಡಿ ಕೈಮುಗಿದೆವು. "ಇಷ್ಟು ದಿನ ಯಾರೂ ಕೇಳ್ಲಿಲ್ಲ. ನಾನು ಕೇಳ್ತಿದೀನಿ, ಯೋಳು ನಂಜಿ" ಅಂದರು ಅತ್ತೆ. ಕುರಿಯಕ್ಕ ಕಣ್ಣು ಮುಚ್ಚಿ ಮಡಿಸಿದ ಒಂದು ಎಲೆ ಎತ್ತಿ ಬಿಡಿಸಿದಳು.

ಕೆಂಪು.

ಅತ್ತೆ ಕಣ್ಣೊರೆಸಿಕೊಂಡು ಟೀವಿಯ ಕಡೆ ತಿರುಗಿದರು. ನಾವೂ ತಿರುಗಿದೆವು. ದೋಣಿ ಆಗಲೇ ನಡುಹೊಳೆಯಲ್ಲಿತ್ತು. ನಂಜಿ ಅದರಲ್ಲಿ ನಿಂತಿದ್ದಳು, ಬೆನ್ನು ನಮ್ಮ ಕಡೆ. ರಿಮೋಟು ಇಟ್ಟಲ್ಲೇ ಇತ್ತು.

ನಾನು ಮಗಳ ಮುಖ ನೋಡಿದೆ. ಅವಳು ಉತ್ತರ ಗೊತ್ತಿಲ್ಲದಾಗ ಮಾತ್ರ ತಮಿಳಿಗೆ ಹೋಗುತ್ತಾಳೆ. "ತೆರಿಯಲಮ್ಮಾ" ಅಂದಳು. ಅತ್ತೆ "ನಂಜಿ" ಅಂತ ಕರೆದರು. ಈ ಸಲ ಅವಳು ತಿರುಗಲಿಲ್ಲ.

ಎಲ್ಲರೂ ಅಳುತ್ತಾ ಕೂತಿರುವಾಗ ನಮ್ಮ ಮನೆಯವರು ಬಾಗಿಲಿಗೆ ಬಂದು, ಊಟಕ್ಕೆ ಹಾಕ್ತೀರೋ ಇಲ್ಲವೋ ಅಂದರು. ಹೆಂಗಸರೆಲ್ಲ ಒಟ್ಟಿಗೆ ತಿರುಗಿ ಅವರನ್ನು ನೋಡಿದರು. ಏನು ಕಂಡಿತೋ, ಅವರು ಬಾಯಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತು ಕಾದರು. ನಮ್ಮ ಮದುವೆಯಾದ ಮೇಲೆ ಅದೇ ಮೊದಲು.

ಅಳತೆ

ಆಷಾಢದ ಹೊತ್ತಿನ ಆಡಿ ತಿಂಗಳು ಬಂತು, ಪೆಟ್ಟಿಗೆ ತೆಗೆಯುವ ಪೂಜೆ. ನಮ್ಮ ಮನೆಯವರು ಎಂದಿನಂತೆ ಕೆಂಪು ಅಂಚಿನ ಸೀರೆ ನೆಯ್ದಿಟ್ಟಿದ್ದರು. ಅತ್ತೆ ಅದನ್ನು ಪಕ್ಕಕ್ಕಿಟ್ಟರು. ಮುಳ್ಳುಗಂಟಿಯಲ್ಲಿ ತಿರುಗುವವಳಿಗೆ ಸೀರೆ ಯಾಕೆ, ಅವಳು ಹಾಕ್ಕೊಂಡಿದ್ದಳಲ್ಲ ಅಂಥ ಪ್ಯಾಂಟು ಕೋಟು ಹೊಲಿ ಅಂದರು. ರವಿಕೆ ಹೊಲಿಯುವವಳಿಗೆ ದೇವರ ಪ್ಯಾಂಟು ಹೊಲಿಯುವ ಯೋಗ. ಅಳತೆ ಯಾರದ್ದು ಅಂತ ಕೇಳಿದೆ. ಅತ್ತೆ ಮಗಳನ್ನು ಎಳೆದು ನಿಲ್ಲಿಸಿ, ನಂಜಿ ಇಷ್ಟೇ ಎತ್ತರ ಅಂದರು. ಹೊಲಿದು ಮಡಿಸಿ ಪೆಟ್ಟಿಗೆಗಿಟ್ಟು ಹಗ್ಗ ಬಿಗಿದೆವು.

ಮೊನ್ನೆಯ ಆಡಿಗೆ ಅದನ್ನು ಬಿಚ್ಚಿದೆವು. ಹಿಂದಿನ ವರ್ಷದ ಬಟ್ಟೆ ಮನೆಯ ಹೆಣ್ಣುಮಗಳಿಗೆ ಪ್ರಸಾದ, ಅವಳು ಅದನ್ನು ಉಡಲೇಬೇಕು. ಮಗಳಿಗೆ ಪ್ಯಾಂಟು ಬೇಡವೇ ಬೇಡ ಅಂತ ಹಟ ಹಿಡಿದಿದ್ದ ನಮ್ಮ ಮನೆಯವರು ಪ್ರಸಾದಕ್ಕೆ ಎದುರಾಡಲಾಗದೆ ಮುಖ ಆ ಕಡೆ ಮಾಡಿಕೊಂಡರು. ನಾನು ಪ್ಯಾಂಟನ್ನು ಕೊಡವಿದೆ.

ಕಾಲಿನ ಅಂಚೆಲ್ಲ ಒಣಗಿದ ಕೆಸರು. ಮೊಣಕಾಲಿನವರೆಗೆ ಹುಲ್ಲಿನ ಬೀಜ ಅಂಟಿಕೊಂಡಿತ್ತು. ಹಗ್ಗದ ಗಂಟು ನಾನೇ ಹಾಕಿದ್ದು, ನಾನೇ ಬಿಚ್ಚಿದ್ದು. ಮಗಳು ಬಾಯಿ ತೆರೆದಳು, ತಮಿಳು ಕೂಡ ಬರಲಿಲ್ಲ. ನಮ್ಮ ಮನೆಯವರು ಎದ್ದು ನಿಂತು, "ಎಲ್ಲಿಗೆ" ಅಂತ ಶುರು ಮಾಡಿದರು.

"ಎಲ್ಲಿಗ್ ಓಗಿದ್ಲು ಅಂತ ಮಾತ್ರ ಯಾರೂ ಕೇಳ್ಬ್ಯಾಡಿ" ಅಂದರು ಅತ್ತೆ. ಹುಲ್ಲಿನ ಬೀಜ ಒಂದೊಂದಾಗಿ ಕಿತ್ತು ಮಡಿಲಿಗೆ ಹಾಕಿಕೊಂಡರು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಕಂಡಿರಲಿಲ್ಲ. ಆಮೇಲೆ ಒಮ್ಮೆಲೇ ನೆನಪಾಗಿ ಹಣೆ ಬಡಿದುಕೊಂಡರು. ಬೂಟು ಇಡುವುದನ್ನೇ ಮರೆತಿದ್ದೆವಲ್ಲ, ವರ್ಷವೆಲ್ಲ ಬರಿಗಾಲಲ್ಲಿ ನಡೆದಿದ್ದಾಳೆ, ಈಗಲೇ ಹೋಗಿ ತಂದುಬಿಡು ಅಂತ ಮಗನನ್ನು ಅಟ್ಟಿದರು. ನಾನೂ ಜೊತೆಗೆ ಹೋದೆ.

ಅಂಗಡಿಯವನು ಯಾರಿಗೆ ಅಂತ ಕೇಳಿದ. ನಮ್ಮ ಮನೆಯವರು ಗಂಟಲು ಸರಿ ಮಾಡಿಕೊಂಡು, ಚಿಕ್ಕಮ್ಮನಿಗೆ ಅಂದರು. ಬೂಟಲ್ಲವಾ, ಸುಮ್ಮನೆ ಒಯ್ದರೆ ಕಾಲಿಗೆ ಕಚ್ಚುತ್ತದೆ, ಅವರನ್ನೇ ಕರೆದುಕೊಂಡು ಬನ್ನಿ, ಹಾಕಿ ನೋಡಲಿ ಅಂದ ಅವನು.

ನಮ್ಮ ಮನೆಯವರು ಒಂದು ಕ್ಷಣವೂ ತಡವರಿಸಲಿಲ್ಲ.

"ಅವ್ರು ಊರಲ್ಲಿಲ್ಲ" ಅಂದರು.