ಬೇಡವೆಂದಷ್ಟೂ ನೀರು

ನಮ್ಮ ಮನೆಯಲ್ಲಿ ಇನ್ನು ಒಂದು ಗಿಡವೂ ಬಾಯಾರಬಾರದು! ಕಂಪ್ಯೂಟರಿಗೆ ಕೋಡು ಬರೆದೇ ಹೊಟ್ಟೆ ಹೊರೆಯುವ ನಾನು ಹೀಗೊಂದು ಭೀಷ್ಮಪ್ರತಿಜ್ಞೆ ಮಾಡಿ, ಬಾಲ್ಕನಿಯ ಪುಟ್ಟ ಪಂಪಿಗೆ ಪ್ರೋಗ್ರಾಂ ಬರೆದೆ. ಅದು ಹೆಂಡತಿಯ ಫೋನಿಗೆ 'ನೀರು ಹಾಕಲೇ?' ಎಂದು ಕೇಳುತ್ತದೆ. ಅವಳು ಹೂಂ ಎಂದರೆ ಒಂದು ಮಗ್ಗು ನೀರು!

"ನನ್ನ ಕಳ್ಳಿ ಗಿಡ ಜೋಪಾನ ಕಣ್ರೀ" ಎಂದಳು ಅವಳು, ಅಕ್ಕನ ಮನೆಗೆ ಹೊರಡುತ್ತಾ. "ಏಳು ವರ್ಷಕ್ಕೆ ಮೊದಲ್ನೇ ಮೊಗ್ಗು. ನೀರು ಜಾಸ್ತಿ ಆದ್ರೆ ಅದರ ಕತೆ ಮುಗೀತು."

"ಅದು ನಿನ್ನನ್ನ ಕೇಳ್ದೇ ಒಂದು ಹನೀನೂ ಬಿಡಲ್ಲ ಕಣೇ. ನಿನ್ನ ಮಾತೇ ವೇದವಾಕ್ಯ!"

ಅವಳು ಹೊರಟ ಮೇಲೆ ನನ್ನ ಫೋನಿನ ಬಾಯಿ ಮುಚ್ಚಿಸಿ, ಬಾಲ್ಕನಿಯ ಆರಾಮ ಕುರ್ಚಿಗೆ ಒರಗಿದೆ. ಎಳೆ ಬಿಸಿಲು. ಒಣಗಲು ಹಾಕಿದ ಬಟ್ಟೆಗಳ ಮೆಲ್ಲನೆಯ ಓಲಾಟ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎಲ್ಲೋ ಜುಳುಜುಳು ಸದ್ದು. ನಾನು ದೋಣಿಯಲ್ಲಿ ಮಲಗಿ ತೇಲುತ್ತಿದ್ದೆ. ಮೋಡಗಳು ನನ್ನ ಹೊಟ್ಟೆಯನ್ನು ಸವರಿಕೊಂಡು ಹೋಗುತ್ತಿದ್ದವು. ಆಹಾ, ಎಂಥ ಸುಖ! ಜುಳುಜುಳು ಹೆಚ್ಚಿತು. ಕಾಲು ತಣ್ಣಗಾಯಿತು. ದೋಣಿಗೆ ತೂತು ಬಿತ್ತೇ?

ಕಣ್ಣು ಬಿಟ್ಟರೆ ದೋಣಿಯಿಲ್ಲ, ನೀರು ಮಾತ್ರ ನಿಜ! ಕಳ್ಳಿಯ ಕುಂಡ ಕೆರೆಯಾಗಿತ್ತು. ನೀರಿನ ಹೊಡೆತಕ್ಕೆ ಕಳಚಿದ ಮೊಗ್ಗು ತೇಲಿ ಬಂದು ನನ್ನ ಚಪ್ಪಲಿಯ ಪಕ್ಕ ನಿಂತಿತ್ತು.

ಗಾಬರಿಯಿಂದ ಫೋನು ತೆರೆದೆ. ಪ್ರೋಗ್ರಾಮಿಗೂ ಹೆಂಡತಿಗೂ ನಡೆದ, ನನಗೂ ನಕಲು ಬಂದಿದ್ದ ಸಂವಾದ ಹೀಗಿತ್ತು:

'ನೀರು ಹಾಕಲೇ?'

'ಬೇಡ.'

'ಹಾಕಿದೆ. ಇನ್ನೂ ಹಾಕಲೇ?'

'ಬೇಡ ಅಂದ್ನಲ್ಲ!'

'ಹಾಕಿದೆ. ಇನ್ನೂ ಹಾಕಲೇ?'

'ಅಯ್ಯೋ, ನಿಲ್ಸೋ ಪಾಪಿ!'

ಹೀಗೆ ಮೂವತ್ತೊಂದು ಮಗ್ಗು!

ತಪ್ಪು ಆಗ ಹೊಳೆಯಿತು. ಅವಳು ಏನು ಬರೆದಿದ್ದಾಳೆ ಎಂದು ನನ್ನ ಕೋಡು ಓದುತ್ತಲೇ ಇರಲಿಲ್ಲ. ಏನಾದರೂ ಬರೆದಿದ್ದಾಳೆಯೇ ಎಂದಷ್ಟೇ ನೋಡುತ್ತಿತ್ತು. ಒಂದಕ್ಷರವಿದ್ದರೂ ಅದರ ಲೆಕ್ಕಕ್ಕೆ 'ಹೌದು'. ಉತ್ತರ ಖಾಲಿಯಿದ್ದರೆ ಮಾತ್ರ 'ಇಲ್ಲ'. ಪರೀಕ್ಷೆ ಮಾಡುವಾಗ ನಾನು 'ಹಾಕು' ಎಂದು ಬರೆದು ನೋಡಿದ್ದೆ, ಏನೂ ಬರೆಯದೆಯೂ ನೋಡಿದ್ದೆ. ಹೆಂಡತಿಯಾದವಳು 'ಬೇಡ' ಎನ್ನಬಹುದೆಂದು ಈ ಮಹಾಮೇಧಾವಿಗೆ ಹೊಳೆದಿರಲೇ ಇಲ್ಲ!

ಅವಳು ಅರ್ಧ ದಾರಿಯಿಂದಲೇ ವಾಪಸು ಬಂದಳು. ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು ಕೂತಳು. ನನಗೆ ನಿಜಕ್ಕೂ ಸಂಕಟವಾಯಿತು.

"ನಾನು ಬೇಡ ಅಂದಿದ್ದನ್ನೆಲ್ಲ ಹೂಂ ಅಂತ ತಿಳ್ಕೊಳ್ಳೋದನ್ನ ಅದಕ್ಕೆ ಯಾರ್ರೀ ಕಲಿಸಿದ್ದು?"

"ನಾನೇ..."

"ಅದೇ ಅಂದ್ಕೊಂಡೆ. ಮದುವೆ ಆದಾಗಿಂದ, ಹನ್ನೊಂದು ವರ್ಷದ ಅಭ್ಯಾಸ!"

"ತಪ್ಪಾಯ್ತು ಕಣೇ. ಕ್ಷಮಿಸ್ತೀಯಾ?"

ಅವಳು ತುಟಿ ಬಿಚ್ಚಲಿಲ್ಲ. ಕಾದೆ. ಒಂದಕ್ಷರವೂ ಬರಲಿಲ್ಲ. ಉತ್ತರ ಪೂರ್ತಿ ಖಾಲಿ.

ಈ ಸಲ ಮಾತ್ರ ನನ್ನ ಪ್ರೋಗ್ರಾಮಿನ ಲೆಕ್ಕ ತಪ್ಪಲಿಲ್ಲ!