ನಮ್ಮ ನಾದಿನಿ ಹುಡುಕಿದ ಗಂಡು

ನಮ್ಮ ಮನೆಯಲ್ಲಿ ಗಂಡು ಹುಡುಕುವ ಕೆಲಸ ಚಹಾ ಸೋಸುವ ಜರಡಿಯಿಂದ ನಡೆಯುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ. ಬೈಲಹೊಂಗಲದಲ್ಲಿ ಕಣ್ಣಾರೆ ಕಂಡವರೇ ನಂಬಲಿಲ್ಲ!

ಹುಡುಕುತ್ತಿದ್ದವಳು ನನ್ನ ನಾದಿನಿ, ನನ್ನ ಗಂಡನ ಒಬ್ಬಳೇ ತಂಗಿ. ಎಪ್ಪತ್ತರ ದಶಕದ ಮಾತು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಕಲಿಸುವುದು ಸಂಬಳಕ್ಕೆ, ಜೀವ ಇಟ್ಟಿದ್ದು ನೀರುಹುಳಗಳ ಮೇಲೆ. ಹುಳವಾದರೂ ಕಣ್ಣಿಗೆ ಕಾಣುವಂಥದ್ದೇ? ಎಳ್ಳುಕಾಳಿಗಿಂತ ಸಣ್ಣದು! ಬೆನ್ನ ಮೇಲೆ ಗಟ್ಟಿ ಚಿಪ್ಪು, ಕೆಳಗೆ ಆರು ಕಾಲು, ಪುಟ್ಟದೊಂದು ಗಾಳಿಗುಳ್ಳೆಯನ್ನು ಸಾಮಾನಿನಂತೆ ಹೊತ್ತುಕೊಂಡು ನೀರಿನಲ್ಲಿ ಮುಳುಗುವ ಠೀವಿ ಬೇರೆ.

ನಾನು ಲಗ್ನವಾಗಿ ಬಂದ ಹೊಸದರಲ್ಲೇ ಅಡುಗೆಮನೆಯ ಜರಡಿ ಮಾಯವಾಯಿತು. ಕೇಳಿದೆ.

“ವೈನಿ, ಸವದತ್ತಿ ಗುಡ್ಡದ ಹಾಸಗಲ್ಲಿನ ತಗ್ಗಿನ್ಯಾಗ ಮಳಿನೀರು ನಿಂತಾವ್ರಿ. ಹುಳಾ ಹಿಡ್ಯಾಕ ಆ ಜರಡಿನ ಬೇಷ್. ತೊಳದ ಇಟ್ಟೇನಲ್ರಿ!”

ತೊಳೆದಿದ್ದಳೋ ಇಲ್ಲವೋ, ಆ ಸಂಜೆ ನಮ್ಮ ಮಾವನವರು, ಅಂದರೆ ಅವಳ ಅಪ್ಪ, “ಇವತ್ತ ಚಹಾ ಭಾಳ ಖಡಕ್ ಆಗೈತಿ” ಎಂದು ಇನ್ನೊಂದು ಕಪ್ಪು ಹಾಕಿಸಿಕೊಂಡರು!

ಆ ತಗ್ಗಿನ ನೀರಿನಲ್ಲೇ ಅವಳಿಗೆ ಯಾವ ಪುಸ್ತಕದಲ್ಲೂ ಇಲ್ಲದ ಒಂದು ಹುಳ ಸಿಕ್ಕಿತು. ಉಣ್ಣುವ ಹೊತ್ತಿಗೆ ಓಡಿ ಬಂದು, “ಅಪ್ಪಾ, ಹೊಸಾ ಜಾತಿ ಸಿಕ್ಕೈತ್ರಿ!” ಎಂದಳು. ಮಾವನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು.

“ಇದ್ದ ಜಾತಿಗೋಳ ಸಾಲವಲ್ಲವೇನ? ಅವನ್ನ ಸಂಭಾಳಸೂದ ಸಾಕಾಗೈತಿ. ನೀ ಮತ್ತೊಂದ ಹುಡಿಕ್ಕೊಂಡ ಬಂದಿ!”

ಆದರೆ ಹೊಸ ಜಾತಿ ಎಂದು ಸುಮ್ಮನೆ ಕೂಗಿದರೆ ಜಗತ್ತು ಒಪ್ಪುವುದಿಲ್ಲವಂತೆ. ಅದರ ರೂಪ, ಅಳತೆ, ಬಣ್ಣ ಎಲ್ಲ ವರ್ಣಿಸಿ ಬರೆಯಬೇಕು. ಈ ಹುಳಗಳೋ, ಹೊರಗಿನಿಂದ ಎಲ್ಲ ಅವಳಿಜವಳಿ. ಗಂಡುಹುಳದ ಒಂದು ಅಂಗದ ಆಕಾರ ನೋಡಿದರೆ ಮಾತ್ರ ಜಾತಿ ಖಾತ್ರಿಯಾಗುವುದು. ಯಾವ ಅಂಗ ಎಂದು ನನ್ನನ್ನು ಕೇಳಬೇಡಿ, ನಾನು ಆ ಮನೆಯ ಸೊಸೆ! ಅವಳ ದುರ್ದೈವ, ಸಿಕ್ಕವೆಲ್ಲ ಹೆಣ್ಣು.

ಒಮ್ಮೆ ಅವಳ ಜೊತೆ ನಾನೂ ಸವದತ್ತಿಗೆ ಹೋಗಿ ಬಸ್ಸಿನಲ್ಲಿ ಮರಳುತ್ತಿದ್ದೆ. ಮುಂದಿನ ಸೀಟಿನಲ್ಲಿ ನಮ್ಮ ಓಣಿಯ ಕಾಕೂ ಕೂತಿದ್ದರು. ಊರಿನ ಸುದ್ದಿಯೆಲ್ಲ ಅವರ ಕಿವಿಯಿಂದ ಹೊಕ್ಕು ಬಾಯಿಂದ ಹೊರಡುತ್ತಿತ್ತು. ನಾದಿನಿಗೆ ಅದರ ಪರಿವೆಯೇ ಇಲ್ಲ.

“ಒಂದ ಗಂಡು ಸಿಗವಲ್ದಲ್ರಿ ವೈನಿ! ಸಣ್ಣದಿದ್ರೂ ನಡೀತೈತಿ, ಮುದಿ ಆಗಿದ್ರೂ ನಡೀತೈತಿ, ಒಂದೆರಡ ಕಾಲ ಇಲ್ದಿದ್ರೂ ಅಡ್ಡಿ ಇಲ್ಲ.”

“ಮೆಲ್ಲಕ ಮಾತಾಡವಾ” ಎಂದು ಅವಳ ತೊಡೆ ಚಿವುಟಿದೆ.

ಅವಳು ಇನ್ನೂ ಜೋರಾಗಿ, “ಸತ್ತದ್ದು ಸಿಕ್ಕರಂತೂ ಭಾಳ ಚೊಲೊ, ಕೊಯ್ಯಾಕ ಹಗುರ!” ಎಂದಳು.

ಕಾಕೂ ಕೊನೆಯ ಮಾತೊಂದನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ಬಿಟ್ಟು, ಉಳಿದದ್ದನ್ನೆಲ್ಲ ಊರಿಗೆ ಹಂಚಿದರು. ಮಧ್ಯಸ್ಥರು ಬಾಗಿಲಿಗೇ ಬಂದರು. “ನಿಮ್ಮ ಮಗಳದು ಏನೂ ಷರತ್ತಿಲ್ಲಂತಲ್ರಿ! ಈಗಿನ ಕಾಲದಾಗ ಇಂಥಾ ಹುಡುಗಿ ಎಲ್ಲಿ ಸಿಗಬೇಕ್ರಿ?” ಮಾವನವರು ಹಿಗ್ಗಿ ಹೀರೇಕಾಯಿಯಾದರು. ರಾಮದುರ್ಗದಿಂದ ಒಬ್ಬ ಸರಕಾರಿ ನೌಕರ ತನ್ನ ತಾಯಿಯೊಂದಿಗೆ ಹೆಣ್ಣು ನೋಡಲು ಬಂದ. ಪಾಪ, ಸಭ್ಯ ಮನುಷ್ಯ.

“ಹುಡುಗೀನೂ ಏನರ ಕೇಳೂದಿದ್ರ ಕೇಳ್ಲಿ” ಎಂದರು ತಾಯಿ.

ನಾದಿನಿ ಕೇಳಿಯೇಬಿಟ್ಟಳು. “ನಿಮ್ಮ ಊರಾಗ ಹಳೇ ಬಾವಿ ಅದಾವೇನ್ರಿ? ಪಾಚಿ ಕಟ್ಟಿದ್ದು?”

“ಅದಾವ್ರಿ. ಆದ್ರ ನೀವು ಚಿಂತಿ ಮಾಡಬ್ಯಾಡ್ರಿ, ನಮ್ಮ ಮನಿಗೆ ನಳಾ ಬಂದೈತಿ. ನೀರು ಸೇದೂ ತ್ರಾಸ ಇಲ್ಲ” ಎಂದ ಹುಡುಗ, ಅಭಿಮಾನದಿಂದ.

ನಾದಿನಿಯ ಮುಖ ಬಾಡಿತು. “ನಳದಾಗ ಹುಳಾ ಬರಂಗಿಲ್ಲಲ್ರಿ!”

ಆ ತಾಯಿ ಕೈಯಲ್ಲಿದ್ದ ಅವಲಕ್ಕಿಯ ತಾಟನ್ನು ಮುಖದ ಹತ್ತಿರ ತಂದು, ಒಗ್ಗರಣೆಯ ಸಾಸಿವೆಯನ್ನು ಒಂದೊಂದಾಗಿ ದಿಟ್ಟಿಸಿ ನೋಡಿದರು. ಆಮೇಲೆ ತಾಟನ್ನು ಕೆಳಗಿಟ್ಟರು. ರಾಮದುರ್ಗದ ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು, ಆದರೂ ಹೊರಟೇಹೋದರು!

ಮಾವನವರು ಮಗಳೊಡನೆ ಮಾತು ಬಿಟ್ಟರು. ಅದು ಸಿಟ್ಟಲ್ಲ, ಭಯ. ಅತ್ತೆ ತೀರಿಹೋಗಿದ್ದರು. ಇವರ ಕಣ್ಣಿಗೆ ಪೊರೆ ಬಂದಿತ್ತು, ಆಪರೇಷನ್ ಎಂದರೆ ನಡುಕ. ಪೂರ್ತಿ ಮಂಜಾಗುವ ಮೊದಲು ಮಗಳ ತಲೆಯ ಮೇಲೆ ಅಕ್ಷತೆ ಹಾಕಿ ಕಣ್ತುಂಬ ನೋಡಬೇಕೆಂಬುದೊಂದೇ ಆಸೆ. ಅತ್ತ ನಾದಿನಿಗೆ ಬೇರೆಯೇ ಚಿಂತೆ. ಮಳೆ ನಿಂತು ತಿಂಗಳುಗಳಾಗಿದ್ದವು, ಹಾಸುಗಲ್ಲಿನ ತಗ್ಗುಗಳು ಒಣಗುತ್ತಿದ್ದವು.

ಕಡೆಗೆ ಮಾವನವರು ಹರಕೆ ಹೊತ್ತು ನಮ್ಮನ್ನೆಲ್ಲ ಅದೇ ಸವದತ್ತಿ ಗುಡ್ಡಕ್ಕೆ ಕರೆದೊಯ್ದರು. ದೇವಿಯ ಮುಂದೆ ಕೈಮುಗಿದು, ಎಲ್ಲರಿಗೂ ಕೇಳುವಂತೆ, “ಅವ್ವಾ, ನಮ್ಮ ಹುಡುಗಿಗೆ ಲಗೂನ ಒಂದು ಗಂಡು ಸಿಗಲಿ” ಎಂದರು. ಇಳಿಯುವಾಗ ಹಾಸುಗಲ್ಲಿನ ಬಳಿ ಕಾಲು ತೊಳೆಯಲು ಹೋಗಿ, ಜಾರಿ, ಉಳಿದಿದ್ದ ಒಂದಿಷ್ಟು ನೀರಿನಲ್ಲಿ ಧೊಪ್ಪನೆ ಕೂತರು. ನಾದಿನಿ ಓಡಿದಳು. ಎಬ್ಬಿಸಲು ಎಂದುಕೊಂಡಿರಾ?

“ಅಪ್ಪಾ, ಅಲಗಾಡಬ್ಯಾಡ್ರಿ!”

ಮಂಡಿಯೂರಿ ಅವರ ಒದ್ದೆ ಧೋತರದ ನೆರಿಗೆಗೆ ಭೂತಗನ್ನಡಿ ಹಿಡಿದಳು. “ಮುಂಗಾಲು ಅಗಲ ಐತಿ! ವೈನಿ, ಗಂಡು! ಅಪ್ಪನ ಧೋತರದಾಗ ಗಂಡು ಸಿಕ್ತು!”

ಗುಡ್ಡ ಹತ್ತುತ್ತಿದ್ದ ಜನ ನಿಂತು ನೋಡಿದರು. ಮಾವನವರು ನೀರಿನಲ್ಲಿ ಕೂತಲ್ಲೇ ಗುಡಿಯ ಕಡೆ ಕೈಮುಗಿದು, “ತಪ್ಪಾತು ಅವ್ವಾ, ನಾ ಬಿಡಿಸಿ ಹೇಳಬೇಕಾಗಿತ್ತು!” ಎಂದರು. ಅಂದವರೇ ನಗತೊಡಗಿದರು. ಬಸ್ಸು ಬೈಲಹೊಂಗಲ ಮುಟ್ಟುವವರೆಗೂ ತಂದೆ ಮಗಳ ನಗು ನಿಲ್ಲಲಿಲ್ಲ.

ಕಾಲೇಜಿನವರ ಅಪ್ಪಣೆಯ ಮೇರೆಗೆ ಸೂಕ್ಷ್ಮದರ್ಶಕ ಮನೆಗೇ ಬಂತು. ನಾದಿನಿ ಕಣ್ಣು ಕೀಲಿಸಿ, ನಾನು ಹೆಸರು ಹೇಳದ ಆ ಅಂಗವನ್ನು ದೊಡ್ಡ ಹಾಳೆಯ ಮೇಲೆ ಕಪ್ಪು ಶಾಯಿಯಲ್ಲಿ ಬಿಡಿಸಿ, ಒಣಗಲೆಂದು ಪಡಸಾಲೆಯ ಗೋಡೆಗೆ ಅಂಟಿಸಿದಳು. ಕಾಕೂ ಬಂದವರು ನಿಂತೇಬಿಟ್ಟರು.

“ಅಯ್ಯ, ಎಂಥಾ ಚೆಂದ ಮೊಗ್ಗು! ನಮ್ಮ ಹುಡುಗಿ ಸೆರಗಿಗೆ ಕಸೂತಿ ಹಾಕಾಕ ಒಂದು ನಕಲು ಕೊಡವಾ.”

ನಾದಿನಿಯೋ ತಪ್ಪು ಮಾತನ್ನು ತಿದ್ದದೆ ಬಿಟ್ಟವಳೇ ಅಲ್ಲ. “ಕಾಕೂ, ಅದು ಮೊಗ್ಗಲ್ಲ, ಅದು...” ಎಂದು ಬಾಯಿ ತೆರೆದಳು. ತೆರೆದ ಬಾಯಿಗೆ ನಾನು ಶೇಂಗಾ ಉಂಡಿ ತುರುಕಿದೆ. ಆ ಹುಡುಗಿ ಆ ಸೀರೆ ಉಟ್ಟು ಕಿತ್ತೂರಿನ ತನಕ ಲಗ್ನದ ಮನೆಗಳನ್ನೆಲ್ಲ ಬೆಳಗಿ ಬಂದಳು. ಹೊಗಳದವರೇ ಇಲ್ಲ!

ಮುಂದೆ ದೊಡ್ಡ ಪಂಡಿತರು ಒಪ್ಪಿದರು, ಹೊಸ ಜಾತಿಯೇ ಎಂದು ಅಚ್ಚಾಯಿತು. ಆದರೆ ನನ್ನ ಕಣ್ಣಿಗೆ ಕಟ್ಟಿರುವುದು ಅದಕ್ಕೂ ಮೊದಲಿನ ಒಂದು ಮಧ್ಯಾಹ್ನ. ಹುಳವನ್ನು ಆ ಪಂಡಿತರಿಗೆಂದು ಕಲಕತ್ತೆಗೆ ಕಳಿಸುವ ತಯಾರಿ ನಡೆದಿತ್ತು.

“ಹೋಗೂಕಿಂತ ಮದ್ಲ ನನಗೂ ಒಮ್ಮೆ ತೋರಸವಾ” ಎಂದರು ಮಾವನವರು.

ನಾದಿನಿ ಅವರನ್ನು ಕೈಹಿಡಿದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಹುಳವನ್ನು ಅಂಟಿಸಿದ ರಟ್ಟಿನ ಚೂರನ್ನು ಅದರಡಿಗೆ ಇಡಬೇಕು, ಅಷ್ಟರೊಳಗೇ ಅವರು ಆತುರದಿಂದ ಕಣ್ಣಿಟ್ಟು ಬಗ್ಗಿದರು.

“ಅಬ್ಬಾ! ಏನ ಚೆಂದ ಅದಾನ! ಹೆಂಗ ಹೊಳ್ಯಾಕತ್ತಾನ!”

ರಟ್ಟಿನ ಚೂರು ಇನ್ನೂ ನಾದಿನಿಯ ಬೆರಳುಗಳಲ್ಲೇ ಇತ್ತು. ಅವಳು ನನ್ನ ಮುಖ ನೋಡಿದಳು. ಅಪ್ಪನ ಕಣ್ಣು ಎಲ್ಲಿಗೆ ಬಂದಿದೆ ಎಂಬುದು ನಮ್ಮಿಬ್ಬರಿಗೂ ಅರ್ಥವಾದದ್ದು ಆಗಲೇ. ಈಗ ತಿದ್ದುತ್ತಾಳೆ ಎಂದೇ ನಾನು ಅಂದುಕೊಂಡೆ.

“ಹೌದ್ರಿ ಅಪ್ಪಾ, ಭಾಳ ಚೆಂದ ಅದಾನ” ಎಂದಳು.

ಮಾವನವರು ಕಣ್ಣು ತೆಗೆಯಲಿಲ್ಲ. ಆ ಬರಿಯ ಬೆಳಕನ್ನೇ ನೋಡುತ್ತ, ತೀರ ಮೆಲ್ಲನೆ ಕೇಳಿದರು:

“ನಿನ್ನ ಮನಸಿಗೆ ಒಪ್ಪಿಗಿ ಐತಿಲ್ಲವಾ?”

ನಾದಿನಿ ರಟ್ಟಿನ ಚೂರನ್ನು ಸದ್ದಾಗದಂತೆ ಪಕ್ಕಕ್ಕಿಟ್ಟು, ಹಿಂದಿನಿಂದ ಅಪ್ಪನ ಎರಡೂ ಭುಜ ಹಿಡಿದುಕೊಂಡಳು.

“ಐತ್ರಿ ಅಪ್ಪಾ.”